ಸುಖ-ದುಃಖ ಕೇಳಿದ ಸುಂಕದವರು

‘ಸುಂಕದವನ ಮುಂದೆ ಸುಖ-ದುಃಖ ಹೇಳ್ಕೊಂಡ್ರೆ ಏನು ಬಂತು?’ ಅಂತಾರೆ ನಮ್ಮೂರಲ್ಲಿ. ಸ್ಪೇನಿನಲ್ಲಿ, ಫ್ರಾನ್ಸ್ ಗಡಿಗೆ ಹತ್ತಿರ, 1928ರಲ್ಲಿ ಶುರುವಾದ ಕಾನ್‌ಫ್ರಾಂಕ್ ರೈಲು ನಿಲ್ದಾಣದಲ್ಲಿ ಈ ಗಾದೆ ಸುಳ್ಳಾಯಿತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಚಿನ್ನ ಸಾಗಿದ್ದು ಇಲ್ಲಿಂದಲೇ. ಅವರಿಂದ ತಪ್ಪಿಸಿಕೊಂಡ ಯಹೂದಿಗಳು ದಾಟಿದ್ದೂ ಇಲ್ಲಿಂದಲೇ. ಹಳಿಗೆ ಎರಡೂ ಒಂದೇ. ಅಲ್ಲಿದ್ದ ಫ್ರೆಂಚ್ ಸುಂಕದ ಮುಖ್ಯಸ್ಥ ಆಲ್ಬೇರ್ ಲೆ ಲೇ ಅವರಿಗೆ ಒಂದೇ ಆಗಿರಲಿಲ್ಲ. ಅದೇ ಕುರ್ಚಿಯಲ್ಲಿದ್ದುಕೊಂಡು ಗುಟ್ಟಾಗಿ ಜನರನ್ನು ದಾಟಿಸಿದರು. 1943ರಲ್ಲಿ ತಾವೇ ತಪ್ಪಿಸಿಕೊಂಡು ಓಡಬೇಕಾಯ್ತು.

ಯಾರಿಗೆ ಸಾಲ ಸಿಗಬಾರದು ಅನ್ನೋ ಕಂಡೀಷನ್ ಬರೆಯುವಾಗಲೂ ನಾವು ಸಾಫ್ಟ್‌ವೇರ್‌ನವರು ‘ನಾನು ಬರೀ ಕೋಡ್ ಬರೆಯೋನು, ನಂಗೇನು?’ ಅಂತೀವಿ. ಅಂದ್ರೆ, ನಾವು ಬರೀ ಹಳಿ ಅಂತ ಒಪ್ಪಿಕೊಂಡ ಹಾಗೆ. ಹಳಿಗೆ ಆಯ್ಕೆ ಇಲ್ಲ, ನಿಜ. ಕುರ್ಚಿಯಲ್ಲಿ ಕೂತವರಿಗೆ ಒಂಚೂರಾದ್ರೂ ಇರುತ್ತೆ, ಅಲ್ವಾ?