ಆರನೇ ಚುಕ್ಕಿ

ಮೂರು ವರ್ಷದ ಮಗು "ಅಜ್ಜಿ ನಂಗೆ ಬೆಲ್ಲ ಕೊಡಿದ್ಲು" ಅಂದರೆ ಮನೆಮಂದಿಯೆಲ್ಲ ನಗುತ್ತಾರೆ. "ಕೊಡಿದ್ಲು ಅಲ್ಲಪ್ಪ, ಕೊಟ್ಲು" ಅಂತ ತಿದ್ದುತ್ತಾರೆ. ಮಗು ತಲೆಯಾಡಿಸುತ್ತದೆ, ಸ್ವಲ್ಪ ಹೊತ್ತಿಗೆ "ಅಪ್ಪ ಬರಿದ" ಎನ್ನುತ್ತ ಬಾಗಿಲಿಗೆ ಓಡುತ್ತದೆ. ನಗಲಿ, ತಪ್ಪೇನಿಲ್ಲ. ಆದರೆ ಆ ಮಾತು ಬಂದದ್ದಾದರೂ ಎಲ್ಲಿಂದ? ಚೋರನೂರಿನಲ್ಲಾಗಲಿ, ಸಂಡೂರಿನ ಸಂತೆಯಲ್ಲಾಗಲಿ, ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಾಗಲಿ "ಕೊಡಿದ್ಲು" ಎನ್ನುವ ದೊಡ್ಡವರು ಒಬ್ಬರೂ ಸಿಗುವುದಿಲ್ಲ. ಕೇಳದ ಮಾತನ್ನು ಮಗು ಆಡಿದೆ. ಮಾಡಿದ್ಲು, ನೋಡಿದ್ಲು, ಓಡಿದ್ಲು, ಹಾಡಿದ್ಲು ಎಂದು ದಿನವಿಡೀ ಕಿವಿಗೆ ಬಿದ್ದದ್ದರೊಳಗಿಂದ ಒಂದು ಕಟ್ಟಳೆಯನ್ನು ಹೆಕ್ಕಿಕೊಂಡು, ಅದನ್ನು ಹೊಸ ಜಾಗದಲ್ಲಿ ಧೈರ್ಯವಾಗಿ ಹೂಡಿದೆ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲಿ ಕಂದಪದ್ಯಗಳಲ್ಲಿ ಕಟ್ಟಿದ ಕೆಲಸವನ್ನೇ ಇದು ಮೂಗು ಸೋರಿಸಿಕೊಂಡು ಅಂಗಳದಲ್ಲಿ ಮಾಡುತ್ತಿದೆ. ಇನ್ನೂ ಸೋಜಿಗವೆಂದರೆ, ಎಷ್ಟೋ ಮಕ್ಕಳು ಇದಕ್ಕೂ ಮೊದಲು "ಕೊಟ್ಲು" ಎಂದು ಸರಿಯಾಗೇ ಅನ್ನುತ್ತಿರುತ್ತವೆ. ಕಟ್ಟಳೆ ಕೈಗೆ ಸಿಕ್ಕ ಮೇಲೆ ತಪ್ಪತೊಡಗುತ್ತವೆ. ಇಂಥ ತಪ್ಪು ಜಾಣತನದ ಗುರುತು ಎಂದು ನಾನು ನಂಬಿದ್ದೇನೆ. ತಿದ್ದಲು ಅವಸರಪಡುವವರನ್ನು ಕಂಡರೆ ನನಗೆ ಸಣ್ಣ ಸಿಟ್ಟು ಬರುತ್ತದೆ.

ಮಾತು ಬರುವ ಮುಂಚೆಯೇ ಈ ಹುಡುಕಾಟ ಶುರುವಾಗಿರುತ್ತದೆ. 1996ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆನಿ ಸಾಫ್ರನ್ ಮತ್ತು ಸಂಗಡಿಗರು ಎಂಟು ತಿಂಗಳ ಕೂಸುಗಳಿಗೆ ಅರ್ಥವೇ ಇಲ್ಲದ ಉಲಿಗಳನ್ನು ಎಲ್ಲೂ ನಿಲ್ಲಿಸದೆ ಎರಡು ನಿಮಿಷ ಕೇಳಿಸಿದರು. ಯಾವ ಉಲಿಯ ಬೆನ್ನಿಗೆ ಯಾವುದು ಬರುತ್ತದೆ ಎಂಬ ಲೆಕ್ಕ ಆ ಎರಡೇ ನಿಮಿಷದಲ್ಲಿ ಕೂಸುಗಳ ಒಳಗೆ ಇಳಿದಿತ್ತು. 1999ರಲ್ಲಿ ಗ್ಯಾರಿ ಮಾರ್ಕಸ್ ಮತ್ತು ಸಂಗಡಿಗರು ಏಳು ತಿಂಗಳ ಕೂಸುಗಳಿಗೆ "ಗ-ತಿ-ಗ" ಥರದ ಸಾಲುಗಳನ್ನು ರೂಢಿ ಮಾಡಿಸಿ, ಆಮೇಲೆ ಪೂರ್ತಿ ಬೇರೆ ಉಲಿಗಳಲ್ಲಿ ಕೆಲವನ್ನು ಅದೇ ಅಚ್ಚಿನಲ್ಲೂ ಕೆಲವನ್ನು ಬೇರೆ ಅಚ್ಚಿನಲ್ಲೂ ಕೇಳಿಸಿದರು. ಅಚ್ಚು ಬದಲಾದಾಗ ಕೂಸುಗಳು ಹೆಚ್ಚು ಹೊತ್ತು ಕಣ್ಣರಳಿಸಿ ನೋಡಿದವು. ತೊಟ್ಟಿಲಲ್ಲಿ ಮಲಗಿರುವ ಕೂಸು ಬರೀ ಕೇಳಿಸಿಕೊಳ್ಳುವುದಿಲ್ಲ, ಮುಂದಿನದನ್ನು ಕಾಯುತ್ತಿರುತ್ತದೆ. ಇನ್ನೂ ಬಾರದ್ದನ್ನು ಕಾಯುವುದು ಎಂದರೆ ಸಣ್ಣ ಮಾತೇ?

ಕಾಯುವುದು ಒಂದು, ಕೈಯಾರೆ ಮಾಡುವುದು ಇನ್ನೊಂದು. ಚೋರನೂರಿನ ಒಂದು ಮನೆಯ ಕಟ್ಟೆಯ ಮೇಲೆ ಐದರ ಹುಡುಗಿಯೊಬ್ಬಳು ಮೆಕ್ಕೆಜೋಳದ ಕಾಳು, ಹುಣಸೆಬೀಜ ಇಟ್ಟುಕೊಂಡು ಆಡುತ್ತಿದ್ದುದನ್ನು ನೋಡುತ್ತ ಕೂತಿದ್ದೆ. ಮೂರು ಕಾಳು, ಒಂದು ಬೀಜ. ಮತ್ತೆ ಮೂರು ಕಾಳು, ಒಂದು ಬೀಜ. ಒಂದು ಕಾಳು ಉರುಳಿ ಕೆಳಗೆ ಬಿದ್ದರೆ ಕಟ್ಟೆಯಿಳಿದು, ಊದಿ, ತಂದು ಅದರ ಜಾಗಕ್ಕೇ ಇಡುತ್ತಿದ್ದಳು. ಪಕ್ಕದಲ್ಲಿ ಕಾಳಿನ ರಾಶಿಯೇ ಇದ್ದರೂ. ಕಟ್ಟೆಯ ಅಂಚು ಬಂತು. ಈಗ ಎಡಗಡೆಗೆ ಹೋಗಿ ಕೆಳಗೆ ಹೊಸ ಸಾಲು ಹಿಡಿಯುತ್ತಾಳೆ ಅಂದುಕೊಂಡೆ, ನಾವು ಓದಿದವರು ಹಾಗೇ ಅಲ್ಲವೇ. ಅವಳು ಅಂಚಿನಲ್ಲೇ ತಿರುಗಿ ಬಲದಿಂದ ಎಡಕ್ಕೆ ಇಡುತ್ತ ಬಂದಳು. "ಯಾಕವ್ವ, ಈ ಕಡೆಯಿಂದ?" ಅಂದೆ. ತಲೆ ಎತ್ತದೆ ಹೇಳಿದಳು: "ಎತ್ತು ಇಲ್ಲೇ ಹೊಳ್ಳಬೇಕಲ್ಲ."

ಅದು ಹೊಲ! ಹುಣಸೆಬೀಜ ಹುಣಸೆಬೀಜವಲ್ಲ, ತೊಗರಿ. ಈ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಸೇಂಗಾದ ನಡುನಡುವೆ ತೊಗರಿಯ ಅಕ್ಕಡಿ ಸಾಲು ಬಿಡುತ್ತಾರೆ. ಎಷ್ಟು ಸಾಲಿಗೆ ಒಂದು ಎಂಬುದು ಅವರವರ ಹೊಲದ, ಅವರವರ ಹಿರಿಯರ ಲೆಕ್ಕ. ಸೇಂಗಾ ಕಿತ್ತ ಮೇಲೂ ತೊಗರಿ ತಿಂಗಳುಗಟ್ಟಲೆ ನಿಂತು, ದೂರದಿಂದಲೇ ಎಣಿಸಬಹುದಾದ ಗೆರೆಯಾಗಿ ಕಾಣುತ್ತದೆ. ಬದುವಿನ ಮೇಲೆ ಕೂತು ಅದನ್ನು ನೋಡಿದ ಹುಡುಗಿ, ಎಕರೆಗಟ್ಟಲೆ ನೆಲವನ್ನು ಮೊಳದುದ್ದದ ಕಟ್ಟೆಗೆ ಇಳಿಸಿದ್ದಳು. ಸೇಂಗಾ ಮೆಕ್ಕೆಜೋಳವಾಯಿತು, ಗಿಡ ಬೀಜವಾಯಿತು. ಉಳಿದದ್ದು ಅಚ್ಚು ಮಾತ್ರ, ಜೊತೆಗೆ ಎತ್ತು ಹೊಳ್ಳುವ ರೀತಿ. ಮಕ್ಕಳ ಕಲಿಕೆಯನ್ನು ಅಭ್ಯಾಸ ಮಾಡುವವರು ಹೇಳುವುದೂ ಇದನ್ನೇ: ಇಟ್ಟ ಸಾಲನ್ನು ನೋಡಿ ನಕಲು ಮಾಡುವುದು ಮೊದಲು ಬರುತ್ತದೆ, ಅದನ್ನು ಮುಂದುವರಿಸುವುದು ಆಮೇಲೆ, ಮರಳಿ ಮರಳಿ ಬರುವ ತುಣುಕು ಯಾವುದೆಂದು ಗುರುತಿಸಿ ಬೇರೆಯದೇ ವಸ್ತುವಿನಲ್ಲಿ ಅದನ್ನು ಕಟ್ಟುವುದು ಎಲ್ಲಕ್ಕಿಂತ ಕಷ್ಟ. ಕೆಂಪು-ಹಳದಿ-ಹಳದಿ ಬಳೆಯನ್ನು ಚಪ್ಪಾಳೆ-ಚಿಟಿಕೆ-ಚಿಟಿಕೆ ಮಾಡಬಲ್ಲ ಮಗು ಬಣ್ಣವನ್ನು ಬಿಟ್ಟುಕೊಟ್ಟು ಬಣ್ಣದ ನಡುವಿನ ಸಂಬಂಧವನ್ನು ಹಿಡಿದಿದೆ. ಗಣಿತ ಶುರುವಾಗುವುದು ಅಲ್ಲೇ, ಒಂದು-ಎರಡು ಎಂದು ಎಣಿಸುವುದಕ್ಕಿಂತ ಒಂದು ಹೆಜ್ಜೆ ಕೆಳಗೆ.

ಇಂಥ ಅಚ್ಚು ಬಟ್ಟೆಯ ಮೇಲೂ ಉಂಟು. ಸಂಡೂರು ಸುತ್ತಿನ ತಾಂಡಾಗಳ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಸೀಮೆಯ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1755 ವಸ್ತುಗಳನ್ನು ಸಾಲಾಗಿಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಿದರು. ನನಗೆ ಮಾತ್ರ ಕುತೂಹಲ, ತಾಯಿ ಹೊಲಿಯುವಾಗ ಮಗ್ಗುಲಲ್ಲಿ ಕೂತ ಮಗುವಿನ ಮೇಲೆ. ಕವಡೆ, ಕನ್ನಡಿ, ಕವಡೆ, ಕನ್ನಡಿ ಎಂದು ಹೋಗುತ್ತಿದ್ದ ಅಂಚಿನಲ್ಲಿ ಒಂದು ಕನ್ನಡಿ ತಪ್ಪಿದ್ದರೆ ಅದರ ಬೆರಳು ನೇರ ಅಲ್ಲಿಗೇ ಹೋಗುತ್ತದೆ.

ಇಂಥ ಕಣ್ಣಿನ ಮಕ್ಕಳಿಗೆ ನಾವು ಕೊಡುವುದೇನು? ಒಂದು ವರ್ಕ್‌ಶೀಟು. ಚೌಕ, ಗುಂಡು, ಚೌಕ, ಗುಂಡು, ಕೊನೆಗೊಂದು ಖಾಲಿ ಮನೆ, ಅದಕ್ಕೊಂದೇ ಉತ್ತರ. 1, 2, 4 ಆದ ಮೇಲೆ ಏನು ಎಂದು ಕೇಳಿದರೆ 8 ಎಂದವರಿಗೆ ಸರಿ ಗುರುತು. ಒಂದು ಕೂಡಿಸಿ, ಎರಡು ಕೂಡಿಸಿ, ಇನ್ನು ಮೂರು ಕೂಡಿಸಬೇಕಲ್ಲ ಎಂದು 7 ಬರೆದ ಮಗುವಿಗೆ ಕೆಂಪು ಗೆರೆ. ಆ ಮಗುವನ್ನು "ಯಾಕೆ?" ಎಂದು ಕೇಳುವುದಕ್ಕೆ ಹಾಳೆಯಲ್ಲಿ ಜಾಗವೇ ಇರುವುದಿಲ್ಲ.

ಅದಕ್ಕಿಂತ ರಂಗೋಲಿ ವಾಸಿ. ಏಳರಿಂದ ಒಂದರವರೆಗೆ ನೇರ ಚುಕ್ಕಿ ಇಟ್ಟರೆ ಒಟ್ಟು 25, ಏಳರಿಂದ ನಾಲ್ಕರವರೆಗೆ ಸಂದು ಚುಕ್ಕಿ ಇಟ್ಟರೆ 37. ಅದೇ ಚುಕ್ಕಿಗಳ ಮೇಲೆ ಅಕ್ಕ ಒಂದು ಎಳೆದರೆ ತಂಗಿ ಇನ್ನೊಂದು ಎಳೆಯುತ್ತಾಳೆ. ಚುಕ್ಕಿಯ ಧೈರ್ಯದ ಮೇಲೆಯೇ ಒಂದು ಸಂಜೆ ಗುಡಿಯ ಕಟ್ಟೆಯಲ್ಲಿ ಸ್ವಲ್ಪ ದೊಡ್ಡ ಹುಡುಗರ ಮುಂದೆ ಹಳೆಯ ಆಟವೊಂದನ್ನು ಹೂಡಿದೆ. ಗಂಗಾಳ ಬೋರಲು ಹಾಕಿ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಬರೆಯುವುದು. ಅಂಚಿನ ಮೇಲೆ ಎರಡು ಚುಕ್ಕಿ ಇಟ್ಟು ಕೂಡಿಸಿದರೆ ಗಂಗಾಳ ಎರಡು ತುಂಡು. ಮೂರು ಚುಕ್ಕಿಯನ್ನು ಒಂದಕ್ಕೊಂದು ಕೂಡಿಸಿದರೆ ನಾಲ್ಕು ತುಂಡು. ನಾಲ್ಕಕ್ಕೆ ಎಂಟು. ಐದಕ್ಕೆ ಹದಿನಾರು, ಎಲ್ಲರೂ ಎಣಿಸಿದರು. ಆರಕ್ಕೆ? ಗೆರೆ ಎಳೆಯುವ ಮೊದಲೇ "ಮೂವತ್ತೆರಡು!" ಎಂದು ಕೂಗಿದರು.

ಎಳೆದು ಎಣಿಸಿದರೆ ಮೂವತ್ತೊಂದು. ಒಬ್ಬ ಎಲ್ಲೋ ಬಿಟ್ಟಿದ್ದಾನೆಂದು ಇನ್ನೊಬ್ಬ ಎಣಿಸಿದ. ಮೂವತ್ತೊಂದೇ. ಅಂದ ಕೆಡಿಸಬಾರದೆಂದು ಚುಕ್ಕಿಗಳನ್ನು ಸಮ ಅಂತರದಲ್ಲಿ ಇಟ್ಟಿದ್ದ ಹುಡುಗಿಗೆ ಮೂವತ್ತೇ ಬಂತು, ಅವಳಂತೂ ಅಳುವುದೊಂದು ಬಾಕಿ. ಅವಳದರಲ್ಲಿ ಮೂರು ಗೆರೆಗಳು ನಟ್ಟನಡುವೆ ಒಂದೇ ಕಡೆ ದಾಟುತ್ತಿದ್ದವು. ಒಂದು ಚುಕ್ಕಿಯನ್ನು ಚೂರು ಸರಿಸಿದ ಕೂಡಲೇ ಮಧ್ಯದಲ್ಲಿ ಅಕ್ಕಿಕಾಳಿನಷ್ಟು ಮುಕ್ಕೋನ ಬಾಯಿ ತೆರೆಯಿತು, ಮೂವತ್ತೊಂದಾಯಿತು. ಮೂವತ್ತೆರಡು ಮಾತ್ರ ಯಾರಿಗೂ ಬರಲಿಲ್ಲ. ಬರುವುದೂ ಇಲ್ಲ, ಚುಕ್ಕಿಯನ್ನು ಎಲ್ಲಿಟ್ಟರೂ ಅಷ್ಟೇ. "ಸುಣ್ಣದಾಗೇ ಏನೋ ಐತೆ ಬಿಡ್ರಿ" ಅಂದ ಒಬ್ಬ. ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಆ ಹುಡುಗಿ ಆಗಲೇ ಅಂಗೈಯಲ್ಲಿ ಹಳೆಯದನ್ನು ಒರೆಸಿ, ಗಂಗಾಳ ಮತ್ತೆ ಬೋರಲು ಹಾಕಿಕೊಂಡಿದ್ದಳು.

"ಏಳು ಇಟ್ರೆ?"