ದುಡ್ಡು ಕೊಟ್ಟು ಕೊಂಡ ಕಷ್ಟ

ಶುಕ್ರವಾರ ರಾತ್ರಿ ಹತ್ತು ಗಂಟೆ ಮೇಲೆ ಗೊರಗುಂಟೆಪಾಳ್ಯದಲ್ಲಿ ನಿಂತು ನೋಡಿ. ಬೆಂಗಳೂರಿನ ಅರ್ಧ ಐಟಿ ಜನ ಘಟ್ಟಕ್ಕೆ ಹೊರಟ ಹಾಗೆ ಕಾಣುತ್ತದೆ. ಬೆನ್ನಿಗೆ ಬ್ಯಾಗು, ಕಾಲಿಗೆ ಡೆಕಾಥ್ಲಾನ್ ಶೂ, ಮುಂದೆ ಸಾಲಾಗಿ ನಿಂತ ಟಿಟಿ ಗಾಡಿಗಳು. ಕೊಡಚಾದ್ರಿ, ಕುದುರೆಮುಖ, ಕುಮಾರ ಪರ್ವತ. ಭಾನುವಾರ ರಾತ್ರಿ ವಾಪಸ್, ಸೋಮವಾರ ಹತ್ತಕ್ಕೆ ಸ್ಟ್ಯಾಂಡ್‌ಅಪ್ ಮೀಟಿಂಗು.

ನಾನು ಹಾಲಾಡಿಯವನು. ಅಂದರೆ ಇವರೆಲ್ಲ ಯಾವ ದಿಕ್ಕಿಗೆ ಹೊರಟಿದ್ದಾರೋ ಆ ದಿಕ್ಕಿನಿಂದ ಬಂದವನು. ವಾರಾಹಿ ಹೊಳೆ ದಂಡೆಯ ಊರು, ಮೂಡುದಿಕ್ಕಿಗೆ ಘಟ್ಟ. ಮಳೆಯಲ್ಲಿ ನೆಂದು, ಉಂಬಳ ಕಚ್ಚಿಸಿಕೊಂಡು, ಗುಡ್ಡ ಹತ್ತೋಕೆ ತಲೆಗೆ ಎರಡು ಮೂರು ಸಾವಿರ ಕೊಡ್ತಾರೆ ಅಂತ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ: "ಅಲ್ದಾ ಮಗಾ, ದುಡ್ಡ್ ಕೊಟ್ಟ್ ಉಂಬಳ ಕಚ್ಚಿಸ್ಕಂಬುಕೆ ಬತ್ರಾ?"

ಈ ಮಾತಿಗೆ ಆಫೀಸಿನಲ್ಲಿ ಎಲ್ಲರೂ ನಗ್ತಾರೆ. ಆದರೆ ಇದು ಬರೀ ಜೋಕಲ್ಲ. ಒಬ್ಬರು ಬಿಟ್ಟು ಬರಲು ಒದ್ದಾಡುವ ಕಷ್ಟವನ್ನು ಇನ್ನೊಬ್ಬರು ಹಣ ಕೊಟ್ಟು ಕೊಳ್ಳುವುದು ಸರಿಯಾ? ಸರಿ ಅಂತಾದರೆ, ಕೊಂಡವರ ಮೇಲೆ ಏನಾದರೂ ಋಣ ಉಂಟಾ?

ಕಾಲುಸಂಕದ ಉದಾಹರಣೆ ತಗೊಳ್ಳಿ. ನಮ್ಮ ಕಡೆಯವರಲ್ಲದಿದ್ದರೆ ಹೇಳಿಬಿಡ್ತೇನೆ. ಎರಡು ಮೂರು ಅಡಿಕೆ ಮರದ ಕಾಂಡ ಕೂಡಿಸಿ ಕಟ್ಟಿ, ತೋಡಿನ ಈ ದಂಡೆಯಿಂದ ಆ ದಂಡೆಗೆ ಹಾಕಿದರೆ ಅದೇ ಸಂಕ. ಕೈ ಹಿಡಿಯೋಕೆ ಒಂದು ಬಿದಿರು ಇದ್ದರೆ ಪುಣ್ಯ. ಆಷಾಢದಲ್ಲಿ ಕೆಳಗೆ ಕೆಂಪು ನೀರು ರಭಸದಲ್ಲಿ ಓಡ್ತಿರುತ್ತದೆ, ಮರದ ಮೇಲೆ ಪಾಚಿ. ಇಂಥದ್ದನ್ನೇ ಈಗ ರೆಸಾರ್ಟುಗಳಲ್ಲಿ ಹಗ್ಗ, ಹೆಲ್ಮೆಟ್ಟು, ಜಿಎಸ್‌ಟಿ ಸೇರಿಸಿ 'ಅಡ್ವೆಂಚರ್' ಅಂತ ಮಾರ್ತಾರೆ. ಕಾಲು ನಡುಗುವುದು ಎರಡೂ ಕಡೆ ಒಂದೇ. ಎದೆ ಹೊಡೆದುಕೊಳ್ಳುವುದೂ ಒಂದೇ.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ದೇಹ ಸಿಕ್ಕಿದ್ದು ಎರಡು ದಿನದ ಮೇಲೆ. ಅವಳಿಗೆ ಆ ದಿನ 'ಬೇಡ, ನಾನು ದಾಟಲ್ಲ' ಅನ್ನುವ ಆಯ್ಕೆ ಇರಲಿಲ್ಲ. ಮನೆ ಆಚೆ ದಂಡೆಯಲ್ಲಿತ್ತು.

ಎರಡು ಸಂಕಗಳ ನಡುವಿನ ವ್ಯತ್ಯಾಸ ಮರದಲ್ಲೂ ಇಲ್ಲ, ನೀರಲ್ಲೂ ಇಲ್ಲ. ಬೇಡ ಅನ್ನಿಸಿದಾಗ ವಾಪಸ್ ಹೋಗಲು ಬಾಗಿಲು ಇದೆಯೋ ಇಲ್ಲವೋ ಅನ್ನುವುದರಲ್ಲಿದೆ. ಅಮರ್ತ್ಯ ಸೇನ್ ಇದನ್ನೇ ಉಪವಾಸ ಮತ್ತು ಹಸಿವಿನ ಉದಾಹರಣೆಯಲ್ಲಿ ವಿವರಿಸ್ತಾರೆ. ಏಕಾದಶಿ ಮಾಡುವವರ ಹೊಟ್ಟೆಯೂ ಖಾಲಿ, ಅನ್ನವಿಲ್ಲದವರ ಹೊಟ್ಟೆಯೂ ಖಾಲಿ. ಆದರೆ ಒಬ್ಬರು ಊಟವನ್ನು ಬಿಟ್ಟಿದ್ದಾರೆ, ಇನ್ನೊಬ್ಬರಿಗೆ ಊಟವೇ ಸಿಕ್ಕಿಲ್ಲ.

ಹಳ್ಳಿಯಿಂದ ಬಂದ ನಮ್ಮಂಥವರಿಗೆ ಇಲ್ಲಿ ಒಂದು ಸುಲಭದ ತೀರ್ಪು ರೆಡಿ ಇರುತ್ತದೆ: "ಇವೆಲ್ಲ ಶೋಕಿ ಮಾರಾಯ್ರೆ, ಹೊಟ್ಟೆ ತುಂಬಿದವರ ಆಟ." ನಾನು ಒಪ್ಪುವುದಿಲ್ಲ. ಏಕಾದಶಿಯ ಉಪವಾಸ ಸುಳ್ಳು ಅಂತ ಯಾರೂ ಹೇಳುವುದಿಲ್ಲವಲ್ಲ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರಿಗೆ ಬಸ್ಸು ಇಲ್ಲ ಅಂತಲ್ಲ. ಮಾಲೆ ಹಾಕಿ ಬರಿಗಾಲಲ್ಲಿ ತಿರುಗುವವರ ಮನೆಯಲ್ಲಿ ಚಪ್ಪಲಿ ಇದೆ. ಆರಿಸಿಕೊಂಡ ಕಷ್ಟದಿಂದ ಮನುಷ್ಯನಿಗೆ ಏನೋ ಸಿಗುತ್ತದೆ ಅನ್ನುವುದು ನಮ್ಮ ಹಿರಿಯರಿಗೆ ಟ್ರೆಕ್ಕಿಂಗ್ ಕಂಪನಿಗಳಿಗಿಂತ ಮೊದಲೇ ಗೊತ್ತಿತ್ತು.

ನನಗೂ ಸಿಕ್ಕಿದೆ. ಆನ್‌ಸೈಟ್ ಅಂತ ಮಿನಿಯಾಪೊಲಿಸ್‌ನಲ್ಲಿದ್ದಾಗ ಟೀಮಿನವರ ಜೊತೆ ನಾಲ್ಕು ದಿನ ಬೌಂಡರಿ ವಾಟರ್ಸ್‌ಗೆ ಹೋಗಿದ್ದೆ. ಅಮೆರಿಕದ ಉತ್ತರದ ತುದಿ, ಕೆನಡಾ ಗಡಿ. ಹತ್ತು ಲಕ್ಷ ಎಕರೆಗೂ ಹೆಚ್ಚು ಕಾಡು, ಸಾವಿರಕ್ಕೂ ಮಿಕ್ಕಿ ಕೆರೆಗಳು. ಹೆಚ್ಚಿನ ಕೆರೆಗಳಲ್ಲಿ ಮೋಟಾರು ಬೋಟಿಗೆ ಅವಕಾಶವಿಲ್ಲ, ಹುಟ್ಟು ಹಾಕಿಯೇ ಹೋಗಬೇಕು. ಒಂದು ಗುಂಪಿನಲ್ಲಿ ಒಂಬತ್ತೇ ಜನ, ನಾಲ್ಕೇ ದೋಣಿ. ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ಹೊರುವಾಗ ಹೆಗಲಿಗೆ ಬರುವ ಅಡ್ಡಪಟ್ಟಿಗೆ ಅವರ ಭಾಷೆಯಲ್ಲೂ ನೊಗ ಅಂತಲೇ ಹೆಸರು. ಮೂರನೇ ದಿನಕ್ಕೆ ನನ್ನ ತಲೆಯಲ್ಲಿ ಟಿಕೆಟ್, ಡೆಡ್‌ಲೈನ್ ಯಾವುದೂ ಇರಲಿಲ್ಲ. ಗಾಳಿ ಯಾವ ಕಡೆ, ಒಣಗಿದ ಕಟ್ಟಿಗೆ ಎಲ್ಲಿ, ಇಷ್ಟೇ. ಆ ಹಗುರ ಸುಳ್ಳಾಗಿರಲಿಲ್ಲ.

ಆದರೆ ಅಲ್ಲೇ ಇನ್ನೊಂದು ವಿಷಯವೂ ತಲೆಯಲ್ಲಿ ಕೊರೆಯೋಕೆ ಶುರುವಾಯಿತು. ಅಮೆರಿಕದ 1964ರ ವೈಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಇಂಥ ಕಾಡಿಗೆ ಮನುಷ್ಯ ಬಂದು ಹೋಗುವವನು, ಅಲ್ಲೇ ಉಳಿಯುವವನಲ್ಲ. ಕೇಳೋಕೆ ಚೆಂದ. ಆದರೆ ಆ ಕೆರೆಗಳು ಓಜಿಬ್ವೆ ಜನರ ನಾಡು. ಬರ್ಚ್ ಮರದ ತೊಗಟೆಯಿಂದ ದೋಣಿ ಕಟ್ಟಿ ಆ ನೀರಲ್ಲಿ ಓಡಾಡಿದವರು ಅವರು. ಕೆರೆಯಲ್ಲಿ ತಾನಾಗಿ ಬೆಳೆಯುವ ಕಾಡು ಅಕ್ಕಿಯನ್ನು ದೋಣಿಯಲ್ಲಿ ಕೂತು ಕೋಲಿನಿಂದ ತಟ್ಟಿ ಕೊಯ್ಯುವುದು ಅವರಲ್ಲಿ ಇವತ್ತಿಗೂ ಉಂಟು. ನಮಗೆ ಆಟವಾದ ಆ ದೋಣಿ ಅವರಿಗೆ ಅನ್ನದ ದಾರಿ.

ಅಲ್ಲಿಂದ ಪೂರ್ವಕ್ಕೆ ಗ್ರ್ಯಾಂಡ್ ಪೋರ್ಟೇಜ್ ಅಂತ ಇದೆ, ಸುಮಾರು 14 ಕಿ.ಮೀ. ಕಾಲುದಾರಿ. ಹದಿನೆಂಟನೇ ಶತಮಾನದಲ್ಲಿ ತುಪ್ಪುಳ ಚರ್ಮದ ವ್ಯಾಪಾರಿಗಳ ಕೂಲಿಯಾಳುಗಳು ತಲಾ 40 ಕೆ.ಜಿ.ಯಷ್ಟು ತೂಗುವ ಎರಡೆರಡು ಮೂಟೆ ಹೊತ್ತು ನಡೆದ ದಾರಿ. ಈಗ ಅದೇ ದಾರಿಯಲ್ಲಿ ಜನ ರಜೆ ಹಾಕಿ ನಡೀತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಉಪವಾಸ ಮಾಡಿದವನು ಹಸಿದವನ ಹತ್ತಿರ ಹೋಗಿ "ಹಸಿವು ಎಷ್ಟು ಒಳ್ಳೆಯದು ಗೊತ್ತಾ" ಅಂದರೆ ಹೇಗೆ? ನಾವು ಅನ್ನುತ್ತೇವೆ. ಕೊಡಚಾದ್ರಿ ಬುಡದ ಊರಿಗೆ ಹೋಗಿ, ಮಣ್ಣಿನ ಮನೆ ಫೋಟೊ ತೆಗೆದು, "ದಯವಿಟ್ಟು ಇಲ್ಲಿಗೆ ರೋಡ್ ಮಾಡಬೇಡಿ, ಹೀಗೇ ಇರಲಿ" ಅಂತ ಕ್ಯಾಪ್ಷನ್ ಹಾಕ್ತೇವೆ. ಹೀಗೇ ಇರಬೇಕಾದವರು ಯಾರು? ಮಳೆಗಾಲದಲ್ಲಿ ಹೆರಿಗೆ ನೋವು ಬಂದವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಾದವರು. ನಾವಂತೂ ಭಾನುವಾರ ಹೊರಟಾಗಿರುತ್ತದೆ. ಜನರೇ ಇಲ್ಲದ ಕಾಡು ಅನ್ನುವ ಅಮೆರಿಕದ ಕಲ್ಪನೆಯನ್ನು ನಮ್ಮ ದೇಶದ ಮೇಲೆ ಹೇರಿದರೆ ಬೆಲೆ ತೆರುವವರು ಬಡವರು ಅಂತ ರಾಮಚಂದ್ರ ಗುಹಾ 1989ರಲ್ಲೇ ಒಂದು ಪ್ರಬಂಧದಲ್ಲಿ ವಾದಿಸಿದ್ದರು. ನಮ್ಮ ಕಾಡುಗಳ ನಡುವೆ ಮನೆಗಳಿವೆ. ಕಾರಂತರ 'ಬೆಟ್ಟದ ಜೀವ'ದಲ್ಲೂ ಕಾಡಿನಲ್ಲಿ ದಾರಿ ತಪ್ಪಿದವನಿಗೆ ಕೊನೆಗೆ ಸಿಗುವುದು ಒಂದು ಮನೆ, ಊಟ, ಮಾತಾಡಿಸುವ ಜನ.

ಹಾಗಂತ ಹೊರಗಿನವರಿಗೆ ಮಾತಾಡುವ ಹಕ್ಕೇ ಇಲ್ಲ ಅಂತಲೂ ಹೇಳಲಾರೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ನಿಂತಿತು. ಅದಕ್ಕಾಗಿ ಹೋರಾಡಿದವರಲ್ಲಿ ಆ ಬೆಟ್ಟದ ಮೇಲೆ ಮನೆ ಇಲ್ಲದವರೂ ಬಹಳ ಜನ. ಅವರು ಸುಮ್ಮನೆ ಕೂತಿದ್ದರೆ ಇವತ್ತು ನಡೆಯೋಕೆ ಆ ಬೆಟ್ಟವೇ ಎಷ್ಟು ಉಳಿದಿರುತ್ತಿತ್ತೋ. ರಸ್ತೆ ಬಂದ ಹಿಂದೆಯೇ ಹೋಂಸ್ಟೇ, ಜೀಪು, ಪ್ಲಾಸ್ಟಿಕ್ಕು ಬರುತ್ತದೆ ಅನ್ನುವುದೂ ನಿಜವೇ.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ನನಗೆ ತೋಚಿದ ಅಳತೆಗೋಲು ಇದು: ಕಾಡು ಉಳಿಯಲಿ ಅಂತ ಇನ್ನೊಬ್ಬರಿಗೆ ಏನನ್ನೋ ಬಿಡು ಅನ್ನುವ ಮೊದಲು, ಅದೇ ಕಾಡಿಗಾಗಿ ನಾನು ಏನು ಬಿಟ್ಟಿದ್ದೇನೆ? ಗಣಿ ಬೇಡ ಅನ್ನುವವನು ತನ್ನ ಕಾರಿನ ಕಬ್ಬಿಣದ ಬಗ್ಗೆಯೂ ಯೋಚಿಸಲಿ. ಶಾಲೆಗೆ ಹೋಗುವ ಸಂಕ ಬೇಡ ಅನ್ನುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಬಿಡುವ ವಿಷಯ ಬಂದಾಗ ನಮ್ಮ ಬಣ್ಣ ಗೊತ್ತಾಗುತ್ತದೆ. 2024ರ ಜನವರಿ ಕೊನೆಯ ವೀಕೆಂಡಿನಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿ, ಚೆಕ್‌ಪೋಸ್ಟ್‌ನಲ್ಲಿ ಜಾತ್ರೆಯಂಥ ಸಾಲು ನಿಂತಿತ್ತು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಟ್ರೆಕ್ಕುಗಳನ್ನು ಸರ್ಕಾರ ಕೆಲಕಾಲ ನಿಲ್ಲಿಸಿತು, ಮುಂದೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಆಗ ನಮ್ಮ ಗ್ರೂಪುಗಳಲ್ಲಿ ಎಂಥ ಗಲಾಟೆ! ಊರವರಿಗೆ ರೋಡು ಬೇಡ ಅಂದವರಿಗೇ ತಮ್ಮ ಒಂದು ವೀಕೆಂಡ್ ಬಿಡಲು ಆಗಲಿಲ್ಲ.

ಇನ್ನೊಂದು ಋಣ ಜೀವದ್ದು. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಸಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕನೊಬ್ಬ ಜಾರಿ ಕೊಚ್ಚಿಹೋದ. ಹುಡುಕಲು ಸುಮಾರು ಒಂದು ವಾರ ಹಿಡಿಯಿತು. ಆ ಹುಡುಗನ ಬಗ್ಗೆ ಕೆಟ್ಟ ಮಾತಾಡಲು ನನಗೆ ಮನಸ್ಸಿಲ್ಲ, ಜಾರುವುದು ಯಾರಿಗೂ ಆಗಬಹುದು. ನಾನು ಯೋಚಿಸುವುದು ಹುಡುಕಲು ಹೋದವರ ಬಗ್ಗೆ. ತುಂಬಿ ಹರಿಯುವ ನೀರಿಗೆ ಇಳಿದವರಿಗೆ ಅದು ಅಡ್ವೆಂಚರ್ ಅಲ್ಲ. ನನ್ನ ಅಪಾಯ ನನ್ನಿಷ್ಟ ಅಂತ ಹೇಳುವುದು ಸುಲಭ. ಕಾಡಿನಲ್ಲಿ ನನ್ನ ಅಪಾಯ ನನ್ನೊಬ್ಬನದಾಗಿ ಉಳಿಯುವುದಿಲ್ಲ, ಹಗ್ಗ ಹಿಡಿದು ಹಿಂದೆ ಬರುವವನದೂ ಆಗುತ್ತದೆ.

ಹೋಗಿ, ಖಂಡಿತ ಹೋಗಿ. ನಾನೂ ಹೋಗ್ತೇನೆ. ಮುಂದೆ ನಡೆಯುವ ಗೈಡ್‌ಗೆ ಬರೀ ವ್ಯೂಪಾಯಿಂಟ್ ಎಷ್ಟು ದೂರ ಅಂತ ಕೇಳಬೇಡಿ. ಮಳೆಗಾಲದಲ್ಲಿ ನಿಮ್ಮ ಮಕ್ಕಳು ಶಾಲೆಗೆ ಯಾವ ದಾರಿಯಲ್ಲಿ ಹೋಗ್ತಾರೆ ಅಂತಲೂ ಕೇಳಿ. ಕೆಲವು ಕಡೆ ಕಾಲುಸಂಕ ಹೋಗಿ ಸಿಮೆಂಟಿನ ಸಂಕ ಬಂದಿದೆ. ಅಲ್ಲಿ ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ. ಬರದೇ ಇರಲಿ ಬಿಡಿ.