ಸವೆದ ಅಕ್ಷರ

ಕಳೆದ ಬೇಸಿಗೆಯಲ್ಲಿ ಅಣ್ಣನ ಮಗ ವಂಶವೃಕ್ಷ ಬರೆಯುತ್ತೇನೆಂದು ದೊಡ್ಡ ಹಾಳೆ ಹರಡಿಕೊಂಡು ಕೂತ. ಗಂಡಸರ ಹೆಸರುಗಳು ಆರು ತಲೆಮಾರಿನವರೆಗೆ ಸರಾಗವಾಗಿ ಇಳಿದವು. ನನ್ನ ತಂದೆಯ ಅಜ್ಜಿಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. "ಅತ್ತೆ, ಈ ಅಜ್ಜಿಯ ಹೆಸರೇನು?" ಎಂದ. ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಲ್ಲರೂ ಆಕೆಯನ್ನು ಕರೆದದ್ದು ಅನಮೋಡದಜ್ಜಿ ಎಂದು. ಅನಮೋಡ ಆಕೆಯ ತವರೇನಲ್ಲ. ಗೋವೆಯ ಕಡೆಯಿಂದ ಘಟ್ಟ ಹತ್ತಿದರೆ ಮೇಲೆ ಸಿಗುವ ಊರು. ಹಾಗೆ ಹತ್ತಿ ಬಂದವಳು ಎಂಬುದಷ್ಟೇ ನಮಗೆ ಉಳಿದ ಚರಿತ್ರೆ.

ಆಕೆ ತಂದ ತಾಮ್ರದ ಕೊಡವೊಂದು ನಮ್ಮ ಹಳಿಯಾಳದ ಮನೆಯಲ್ಲಿದೆ. ಕಂಠದ ಕೆಳಗೆ ಬಾಳಬೋಧ ಅಕ್ಷರದಲ್ಲಿ ಹೆಸರು ಕೊರೆಸಿದ್ದಾರೆ. ಮೊದಲಿನ 'ಸ' ಮಾತ್ರ ಕಾಣುತ್ತದೆ. ಉಳಿದದ್ದು ಸವೆದಿದೆ. ಸವೆಸಿದವರು ಬೇರೆ ಯಾರೂ ಅಲ್ಲ. ಹಬ್ಬಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಅಜ್ಜಿ, ಆಯಿ ಮತ್ತು ನಾನು.

ಹುಡುಗ ನಕ್ಕು, "ಸರಸ್ವತಿ ಅಂತ ಬರೆದುಬಿಡೋಣ. ಯಾರು ಕೇಳ್ತಾರೆ?" ಎಂದ. ಯಾರಿಗೂ ನೋವಾಗದ ಸುಳ್ಳು ಸುಳ್ಳೇ ಹೌದೋ ಅಲ್ಲವೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಕಾಗದದಲ್ಲಿ ಹುಡುಕುವುದೂ ಸುಲಭವಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಗೋವೆ 1961ರವರೆಗೆ ಪೋರ್ತುಗೀಜರದು. ಹಳೆಯ ತಾಲೂಕು ಕೇಂದ್ರ ಸೂಪಾ ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಆದರೆ ದೋಷವನ್ನೆಲ್ಲ ನೀರಿನ ಮೇಲೆ ಹಾಕುವುದು ನ್ಯಾಯವಲ್ಲ. ಉಳಿದ ಕಾಗದಗಳಲ್ಲಾದರೂ ಹೆಂಗಸರು ಎಲ್ಲಿದ್ದಾರೆ? 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರು ಸಿಗದೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಬಯಲುಸೀಮೆಯ ಕಡೆ ಎತ್ತಿನ ಮೇಲೆ ಬಂದು ಮನೆತನದ ಚರಿತ್ರೆ ಹೇಳುವ ಹೆಳವರ ಬಾಯಲ್ಲೂ ಮುಖ್ಯವಾಗಿ ನಡೆಯುವುದು ಗಂಡಸರ ಸಾಲೇ.

ಕೊನೆಗೆ ಒಂದು ದಿನ ರಾಮನಗರದಿಂದ ಬಸ್ಸು ಹಿಡಿದು ಅನಮೋಡಕ್ಕೇ ಹೋದೆ. ಸುತ್ತ ಕಾಡು, ರಸ್ತೆಯಲ್ಲಿ ಗೋವೆಗೆ ಇಳಿಯುವ ಲಾರಿಗಳು. ಅಂಗಳದಲ್ಲಿ ಕೂತಿದ್ದ ಒಬ್ಬ ಮುದುಕಿಯ ಹತ್ತಿರ ವಿಚಾರಿಸಿದೆ. "ಹೆಸರೇನು ಆಕೆಯದು?" ಎಂದು ಮೊದಲು ಕೇಳಿದಳು. ಅದನ್ನೇ ಹುಡುಕುತ್ತಿದ್ದೇನೆ ಎಂದೆ. ಆಕೆ ಎಲೆಅಡಿಕೆ ಬಾಯಿಗಿಟ್ಟುಕೊಂಡು, "ಘಟ್ಟ ಹತ್ತಿದವರೆಲ್ಲ ಹೇಳಿಕೊಂಡೇ ಬರ್ತಾರೇನು, ಬಾಯಿ? ಕೆಲವರು ಬಿಟ್ಟು ಬರಬೇಕಂತಲೇ ಬರ್ತಾರೆ" ಅಂದಳು.

ಹಿಂದಿರುಗುವ ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿತ್ತು. ಆಕೆ ಬಾಲವಿಧವೆಯಾಗಿದ್ದಳೋ, ಮನೆ ಬಿಟ್ಟು ಓಡಿ ಬಂದವಳೋ, ಬರೀ ಹಸಿವಿಗೆ ಬಂದವಳೋ! ನಾನು ಕಳೆದುಹೋಗಿದೆ ಎಂದುಕೊಂಡ ಹೆಸರನ್ನು ಆಕೆಯೇ ಘಟ್ಟದ ಕೆಳಗೆ ಇಳಿಸಿ ಬಂದಿರಬಹುದು. ಹಾಗಿದ್ದರೆ ಅದನ್ನು ಅಗೆದು ತೆಗೆಯುವ ಹಕ್ಕು ನನಗಿದೆಯೇ? ಇದೆಯೆಂದು ಗಟ್ಟಿಯಾಗಿ ಹೇಳಲಾರೆ. ಆದರೆ ಆಕೆಗೆ ನನ್ನ ಇಷ್ಟದ ಹೆಸರಿಡುವ ಹಕ್ಕಂತೂ ಖಂಡಿತ ಇಲ್ಲ. ಮದುವೆಯ ದಿನ ಅಕ್ಕಿಯಲ್ಲಿ ಹೆಸರು ಬರೆದು ಹೆಣ್ಣನ್ನು ಬದಲಿಸಿದವರು ಮಾಡಿದ್ದೂ ಅದನ್ನೇ ಅಲ್ಲವೇ? ನನ್ನ ಸಮಾಧಾನಕ್ಕೆಂದು ಸತ್ತವಳಿಗೆ ಇನ್ನೊಮ್ಮೆ ನಾಮಕರಣ ಮಾಡಿದರೆ, ಆಕೆ ಎರಡನೆಯ ಸಲ ಕಳೆದುಹೋಗುತ್ತಾಳೆ. ಖಾಲಿ ಜಾಗವಾದರೆ, ಇಲ್ಲೊಬ್ಬಳು ಇದ್ದಳು, ನಾವು ಕೇಳಿಟ್ಟುಕೊಳ್ಳಲಿಲ್ಲ ಎಂಬ ನಿಜವನ್ನಾದರೂ ಹೇಳುತ್ತದೆ.

ಹುಡುಗನಿಗೆ ಹೇಳಿದೆ: "ಅನಮೋಡದಜ್ಜಿ, ಹೆಸರು ತಿಳಿದಿಲ್ಲ ಅಂತ ಬರಿ." ಒಲ್ಲದ ಮನಸ್ಸಿನಿಂದ ಬರೆದ. ಆಮೇಲೆ ಕೇಳಿದೆ, "ನಿನ್ನ ಆಯಿಯ ತವರಿನ ಹೆಸರು ಗೊತ್ತೇನೋ?" ಅವನು ತಬ್ಬಿಬ್ಬಾದ. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತಿಗೆಯ ಕೈ ಮೊರದ ಮೇಲೆ ನಿಂತಿತು. ಮೂವತ್ತು ವರ್ಷಗಳಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹುಡುಗ ಎದ್ದು ಅಡುಗೆಮನೆಗೆ ಹೋದ.